ಎತ್ತು ಏರಿಗೆ, ಕಂಪ್ಯೂಟರ್ ನೀರಿಗೆ!

ಬ್ಯಾಂಕಿನ ಬೋರ್ಡಿಗೆ ಕನ್ನಡ ಬಂತು. ಬ್ಯಾಂಕಿನ ಹೊಟ್ಟೆಯೊಳಕ್ಕೆ ಯಾವಾಗ?

ಕನ್ನಡದ ಹುಡುಗರೇ, ಹುಡುಗಿಯರೇ,

ಒಂದು ಪ್ರಶ್ನೆ ಕೇಳುತ್ತೇನೆ. ಎದೆ ಮುಟ್ಟಿಕೊಂಡು ಉತ್ತರ ಹೇಳಿ. ಕಳೆದ ಸಲ ಎಟಿಎಂ ಮುಂದೆ ನಿಂತಾಗ ಯಾವ ಭಾಷೆಯ ಗುಂಡಿ ಒತ್ತಿದಿರಿ?

ಉತ್ತರ ನನಗೆ ಗೊತ್ತು. ನಿಮಗೂ ಗೊತ್ತು. ಆ ಮಾತಿಗೆ ಕೊನೆಯಲ್ಲಿ ಬರೋಣ. ಮೊದಲು ನಾವು ಗೆದ್ದ ಕಥೆ ಹೇಳಿಕೊಂಡು ಸ್ವಲ್ಪ ಮೀಸೆ ತಿರುವೋಣ.

2023ರ ಡಿಸೆಂಬರ್ 27ರಂದು ಬೆಂಗಳೂರಿನ ಬೀದಿಗಿಳಿದೆವು. ಬೋರ್ಡುಗಳಲ್ಲಿ ಕನ್ನಡ ಎಲ್ಲಿ ಎಂದು ಕೇಳಿದೆವು. ಲಾಠಿ ತಿಂದವರಿದ್ದಾರೆ, ಜೈಲು ಕಂಡವರಿದ್ದಾರೆ. 2024ರಲ್ಲಿ ಶಾಸನಸಭೆ ಕಾಯ್ದೆಗೆ ತಿದ್ದುಪಡಿ ತಂದಿತು. ನಾಮಫಲಕದಲ್ಲಿ ಶೇಕಡಾ 60 ಭಾಗ ಕನ್ನಡ ಇರಲೇಬೇಕು ಎಂದಾಯಿತು. 2025ರ ಮೇ ತಿಂಗಳಲ್ಲಿ ಆನೇಕಲ್ ತಾಲೂಕಿನ ಸೂರ್ಯನಗರದ ಬ್ಯಾಂಕ್ ಶಾಖೆಯೊಂದರಲ್ಲಿ ವ್ಯವಸ್ಥಾಪಕರೊಬ್ಬರು ಕನ್ನಡ ಮಾತಾಡುವುದಿಲ್ಲ ಎಂದು ಗ್ರಾಹಕರ ಮುಖಕ್ಕೇ ಹೇಳಿದರು. ನಾಡು ಕೆರಳಿತು. ಮುಖ್ಯಮಂತ್ರಿಗಳೇ ಖಂಡಿಸಿದರು. ವರ್ಗಾವಣೆ ಆಯಿತು. ನಾವು ಪಟಾಕಿ ಹೊಡೆದು ಮನೆಗೆ ಬಂದೆವು.

ಸರಿ. ವ್ಯವಸ್ಥಾಪಕರಿಗೆ ವರ್ಗವಾಯಿತು. ಅವರ ಮೇಜಿನ ಮೇಲಿದ್ದ ಕಂಪ್ಯೂಟರಿಗೆ ವರ್ಗವಾಯಿತೇ?

ಅದು ಅಲ್ಲೇ ಕೂತಿದೆ. ಅದಕ್ಕೂ ಕನ್ನಡ ಬರುವುದಿಲ್ಲ. ಅದು ಯಾರ ಮುಖಕ್ಕೂ ಹಾಗೆಂದು ಹೇಳುವುದಿಲ್ಲ, ಯಾರೂ ಅದರ ವಿಡಿಯೋ ತೆಗೆಯುವುದಿಲ್ಲ, ಅದರ ಮೇಲೆ ಯಾವ ಮುಖ್ಯಮಂತ್ರಿಯೂ ಗುಡುಗುವುದಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ತಣ್ಣಗೆ ಕನ್ನಡವನ್ನು ನಿರಾಕರಿಸುತ್ತಾ ಕೂತಿರುತ್ತದೆ. ಕನ್ನಡ ಕಲಿಯದ ಒಬ್ಬ ನೌಕರ ಒಂದು ಕೌಂಟರನ್ನು ಕೆಡಿಸಬಹುದು. ಕನ್ನಡ ಕಲಿಯದ ಒಂದು ತಂತ್ರಾಂಶ ಸಾವಿರ ಶಾಖೆಗಳನ್ನು ಒಂದೇ ಏಟಿಗೆ ಕೆಡಿಸುತ್ತದೆ.

ಈ ಲೇಖನ ಆ ತಣ್ಣನೆಯ ಯಂತ್ರದ ಬಗ್ಗೆ. ಮತ್ತು ಅದನ್ನು ಹಾಗೆ ಕೂರಿಸಿದ ದೊಡ್ಡ ಮನುಷ್ಯರ ಬಗ್ಗೆ.

ಎತ್ತು ಮತ್ತು ಕೋಣ

ಮ್ಯಾನೇಜ್‌ಮೆಂಟ್ ಕಾಲೇಜುಗಳಲ್ಲಿ ಒಂದು ಮಂತ್ರ ಕಲಿಸುತ್ತಾರೆ. ಮಾಹಿತಿ ವ್ಯವಸ್ಥೆಯೂ ವ್ಯಾಪಾರದ ಕಾರ್ಯತಂತ್ರವೂ ಒಂದಕ್ಕೊಂದು ಹೊಂದಿಕೊಂಡಿರಬೇಕು ಎಂಬುದೇ ಆ ಮಂತ್ರ. ಲಕ್ಷಗಟ್ಟಲೆ ಫೀಸು ಕಟ್ಟಿ ಓದಿದ ಹುಡುಗರು ಟೈ ಕಟ್ಟಿಕೊಂಡು ಇದನ್ನು ಒಪ್ಪಿಸುತ್ತಾರೆ. 1993ರಲ್ಲಿ ಜಾನ್ ಹೆಂಡರ್ಸನ್ ಮತ್ತು ಎನ್. ವೆಂಕಟರಾಮನ್ ಎಂಬ ಇಬ್ಬರು ವಿದ್ವಾಂಸರು ಐಬಿಎಂ ಸಂಸ್ಥೆಯ ಪತ್ರಿಕೆಯೊಂದರಲ್ಲಿ ಇದನ್ನು ನಾಲ್ಕು ಮನೆಗಳ ಒಂದು ಚೌಕ ಬರೆದು ತೋರಿಸಿದರು. ಒಂದು ಮನೆ ಸಂಸ್ಥೆಯ ವ್ಯಾಪಾರದ ಗುರಿ. ಎರಡನೆಯದು ಅದರ ತಂತ್ರಜ್ಞಾನದ ಗುರಿ. ಮೂರನೆಯದು ಸಂಸ್ಥೆಯೊಳಗಿನ ಜನ, ಕೆಲಸ, ಪದ್ಧತಿ. ನಾಲ್ಕನೆಯದು ಯಂತ್ರ, ತಂತ್ರಾಂಶ, ಅದನ್ನು ನಡೆಸುವವರು. ಈ ನಾಲ್ಕೂ ಒಂದರ ಮುಖ ಒಂದು ನೋಡುತ್ತಿರಬೇಕು. ಒಂದು ಮನೆ ಬೇರೆ ದಿಕ್ಕಿಗೆ ತಿರುಗಿದರೂ ಸುರಿದ ದುಡ್ಡು ಹೊಳೆಯಲ್ಲಿ ಹುಣಸೆಹಣ್ಣು ತೇಯ್ದಂತೆ.

ಇದಕ್ಕೆ ನಮ್ಮ ಹಳ್ಳಿಯ ಅಜ್ಜಿಗೆ ಯಾವ ಚೌಕವೂ ಬೇಕಿರಲಿಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದಳು.

ಈಗ ಬ್ಯಾಂಕಿನ ಎತ್ತನ್ನೂ ಕೋಣವನ್ನೂ ನೋಡಿ. ಹಳ್ಳಿಗೆ ಹೋಗುತ್ತೇವೆ, ಬಡವರಿಗೆ ಖಾತೆ ತೆರೆಯುತ್ತೇವೆ, ರೈತರಿಗೆ ಸಾಲ ಕೊಡುತ್ತೇವೆ, ಹೆಣ್ಣುಮಕ್ಕಳ ಸಂಘಗಳಿಗೆ ನೆರವಾಗುತ್ತೇವೆ. ಇದು ಬ್ಯಾಂಕುಗಳ ವಾರ್ಷಿಕ ವರದಿಗಳಲ್ಲಿ ಬಣ್ಣಬಣ್ಣದ ಚಿತ್ರಗಳ ಸಮೇತ ಅಚ್ಚಾಗುವ ಗುರಿ. 2014ರ ಆಗಸ್ಟ್ 28ರಂದು ಜನಧನ ಯೋಜನೆ ಶುರುವಾಯಿತು. 2023ರ ಆಗಸ್ಟ್ ಹೊತ್ತಿಗೆ 50 ಕೋಟಿ ಖಾತೆ ದಾಟಿತು. ಎತ್ತು ಏರಿಗೆ ಎಳೆಯುತ್ತಿದೆ, ಸಂತೋಷ. ಆದರೆ ಆ 50 ಕೋಟಿ ಜನರಲ್ಲಿ ಕನ್ನಡ ಮಾತ್ರ ಬಲ್ಲವರ ಕೈಗೆ ಬರುವ ಸಂದೇಶ, ಚೀಟಿ, ಎಚ್ಚರಿಕೆ, ಸಾಲದ ಒಪ್ಪಂದ ಯಾವ ಭಾಷೆಯಲ್ಲಿದೆ? ಎಷ್ಟೋ ಕಡೆ ಎಟಿಎಂನ ಮೊದಲ ತೆರೆಯಲ್ಲಿ ಕನ್ನಡ ಕಾಣುತ್ತದೆ, ಹೌದು. ಒತ್ತಿ ನೋಡಿ. ಒಳಗೆ ಹೋದಂತೆ ಅರ್ಧಂಬರ್ಧ. ಕೊನೆಗೆ ಕೈಗೆ ಬೀಳುವ ಚೀಟಿ ಇಂಗ್ಲಿಷು. ಬಾಗಿಲಲ್ಲಿ ತೋರಣ, ಒಳಗೆ ಊಟಕ್ಕೆ ಎಲೆಯಿಲ್ಲ!

ಎರಡಾಣೆಯ ಪಾಠ

ಬ್ಯಾಂಕು ನಡೆಸುವುದನ್ನು ನಮಗೆ ಯಾರೂ ಹೊರಗಿನಿಂದ ಬಂದು ಕಲಿಸಬೇಕಾಗಿಲ್ಲ. ದೇಶಕ್ಕೆ ಬ್ಯಾಂಕು ಕಟ್ಟಿಕೊಟ್ಟ ನೆಲ ಇದು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಕಟ್ಟಿದ್ದು ಕೆನರಾ ಬ್ಯಾಂಕ್. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಟ್ಟಿದ್ದು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. 1913ರಲ್ಲಿ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಮೈಸೂರು ಬ್ಯಾಂಕ್. 1924ರಲ್ಲಿ ಕರ್ಣಾಟಕ ಬ್ಯಾಂಕ್. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಸೇರಿ ಕಟ್ಟಿದ್ದು ಸಿಂಡಿಕೇಟ್ ಬ್ಯಾಂಕ್. 1931ರಲ್ಲಿ ವಿಜಯಾ ಬ್ಯಾಂಕ್.

ಈ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಒಂದು ಕೆಲಸ ಮಾಡಿತು. ಪಿಗ್ಮಿ ಠೇವಣಿ ಅಂತ. ನಿಮ್ಮ ಅಜ್ಜನನ್ನು ಕೇಳಿ, ಹೇಳುತ್ತಾರೆ. ದಿನಕ್ಕೆ 2 ಆಣೆ ಉಳಿಸುವ ಬಡವನ ಮನೆ ಬಾಗಿಲಿಗೇ ಬ್ಯಾಂಕಿನ ಏಜೆಂಟ್ ಹೋಗಿ ದುಡ್ಡು ಪಡೆದು ಪುಸ್ತಕದಲ್ಲಿ ಬರೆದುಕೊಂಡು ಬರುತ್ತಿದ್ದ. ಸ್ವಲ್ಪ ಯೋಚಿಸಿ ನೋಡಿ. ಬ್ಯಾಂಕಿನ ಗುರಿ ಏನು? ನೇಕಾರ, ಮೀನುಗಾರ, ಕೂಲಿಯವನ ಉಳಿತಾಯ. ಆ ಗುರಿಗೆ ತಕ್ಕ ಮಾಹಿತಿ ವ್ಯವಸ್ಥೆ ಯಾವುದು? ಅವನ ಊರಿನ, ಅವನ ಭಾಷೆಯ, ಅವನ ಮುಖ ಬಲ್ಲ ಒಬ್ಬ ಏಜೆಂಟ್ ಮತ್ತು ಒಂದು ಪುಸ್ತಕ. ಹೆಂಡರ್ಸನ್, ವೆಂಕಟರಾಮನ್ ಚೌಕ ಬರೆಯುವುದಕ್ಕೆ 65 ವರ್ಷ ಮೊದಲೇ ಉಡುಪಿಯವರು ಆ ನಾಲ್ಕು ಮನೆಗಳನ್ನೂ ತುಂಬಿಬಿಟ್ಟಿದ್ದರು! ಅದಕ್ಕೇ ಆ ಬ್ಯಾಂಕು ಬೆಳೆಯಿತು. 1969ರ ಜುಲೈ 19ರಂದು ರಾಷ್ಟ್ರೀಕರಣವಾದ 14 ಬ್ಯಾಂಕುಗಳಲ್ಲಿ ಕೆನರಾ, ಸಿಂಡಿಕೇಟ್ ಎರಡೂ ಇದ್ದವು. 1980ರ ಪಟ್ಟಿಯಲ್ಲಿ ವಿಜಯಾ, ಕಾರ್ಪೊರೇಷನ್ ಇದ್ದವು.

ಇವತ್ತು? 2017ರ ಏಪ್ರಿಲ್ 1ರಂದು ಮೈಸೂರು ಬ್ಯಾಂಕನ್ನು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಕರಗಿಸಿದರು. ಬೆಂಗಳೂರಿನಲ್ಲಿ ಮೈಸೂರ್ ಬ್ಯಾಂಕ್ ಸರ್ಕಲ್ ಇದೆ, ಮೈಸೂರ್ ಬ್ಯಾಂಕ್ ಇಲ್ಲ. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬರೋಡಾದ ಪಾಲಾಯಿತು. 2020ರ ಏಪ್ರಿಲ್ 1ರಂದು ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನೊಳಗೆ ಹೋಯಿತು, ಸಿಂಡಿಕೇಟ್ ಕೆನರಾದೊಳಗೆ. ವಿಲೀನವೆಂದರೆ ಬೋರ್ಡು ಬದಲಾಗುವುದು ಮಾತ್ರ ಎಂದು ನಾವು ತಿಳಿದೆವು. ಅಲ್ಲ. ಗ್ರಾಹಕರ ಲೆಕ್ಕಗಳೆಲ್ಲ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹೋಗುತ್ತವೆ. ಆ ಕಂಪ್ಯೂಟರಿನಲ್ಲಿ ಏನಿರಬೇಕು, ಯಾವ ಭಾಷೆ ಇರಬೇಕು ಎಂದು ತೀರ್ಮಾನಿಸುವ ಮೇಜು ಹೆಚ್ಚಾಗಿ ಮುಂಬಯಿಗೆ ಹೋಗುತ್ತದೆ. ನಾವು ಕೂಗಾಡಿದ್ದು ಬೋರ್ಡಿಗಾಗಿ. ಕಳೆದುಕೊಂಡದ್ದು ಮೇಜನ್ನು.

70 ಅಕ್ಷರದ ಲೆಕ್ಕ

"ಕನ್ನಡದಲ್ಲಿ ಯಾಕೆ ಸಂದೇಶ ಕಳಿಸುವುದಿಲ್ಲ ಸ್ವಾಮಿ?" ಎಂದು ಕೇಳಿದರೆ "ತಾಂತ್ರಿಕ ಸಮಸ್ಯೆ" ಎನ್ನುತ್ತಾರೆ. ನೀವು ಬೆಪ್ಪಾಗಿ ವಾಪಸು ಬರುತ್ತೀರಿ. ಬರಬೇಡಿ. ಆ ಸಮಸ್ಯೆ ಏನೆಂದು ನಾನು ಹೇಳುತ್ತೇನೆ, ಕೇಳಿ.

ಮೊಬೈಲಿನ ಒಂದು ಎಸ್ಸೆಮ್ಮೆಸ್‌ನಲ್ಲಿ ಇಂಗ್ಲಿಷಾದರೆ 160 ಅಕ್ಷರ ಹಿಡಿಯುತ್ತದೆ. ಕನ್ನಡವಾದರೆ 70. ಅದರಲ್ಲೂ ಒತ್ತಕ್ಷರ, ಗುಣಿತ ಎಲ್ಲ ಬಿಡಿಬಿಡಿಯಾಗಿ ಲೆಕ್ಕಕ್ಕೆ ಬರುತ್ತವೆ. ಲಕ್ಷ್ಮಮ್ಮ ಎಂಬ ಹೆಸರು ನಮ್ಮ ಕಣ್ಣಿಗೆ 3 ಅಕ್ಷರ. ಕಂಪ್ಯೂಟರಿಗೆ 9. ಹೀಗಾಗಿ ಇಂಗ್ಲಿಷಿನಲ್ಲಿ ಒಂದೇ ಸಂದೇಶದಲ್ಲಿ ಮುಗಿಯುವ ಮಾತು ಕನ್ನಡದಲ್ಲಿ ಎರಡೋ ಮೂರೋ ಸಂದೇಶವಾಗುತ್ತದೆ. ಬ್ಯಾಂಕು ಅಷ್ಟಕ್ಕೂ ದುಡ್ಡು ಕಟ್ಟಬೇಕು. ಇಷ್ಟೇ ಸಮಸ್ಯೆ. ತಾಂತ್ರಿಕವೇನಲ್ಲ, ಚಿಲ್ಲರೆ ಕಾಸಿನದು.

ಈಗ ಎತ್ತು-ಕೋಣದ ಕಥೆ ಮತ್ತೆ ಬಂತು ನೋಡಿ. ಎಸ್ಸೆಮ್ಮೆಸ್ ಖರ್ಚು ಬ್ಯಾಂಕಿನ ಕಂಪ್ಯೂಟರ್ ಇಲಾಖೆಯ ಲೆಕ್ಕದಲ್ಲಿ ಕಾಣುತ್ತದೆ. ಅದನ್ನು ಉಳಿಸಿದ ಅಧಿಕಾರಿಗೆ ಶಹಬಾಸ್‌ಗಿರಿ ಸಿಗುತ್ತದೆ. ಸಂದೇಶ ಅರ್ಥವಾಗದೆ ಶಾಖೆಗೆ ಬಂದು ಸಾಲು ನಿಲ್ಲುವವರ ಹೊತ್ತು, ಸಂದೇಶ ಅರ್ಥವಾಗದೆ ಮೋಸಹೋದವರ ದುಡ್ಡು, ಬ್ಯಾಂಕಿನ ಮೇಲಿನ ನಂಬಿಕೆ ಕಳಕೊಂಡು ಮತ್ತೆ ಚೀಟಿ ವ್ಯವಹಾರಕ್ಕೆ ಹೋದವರ ಲೆಕ್ಕ, ಇವು ಯಾವ ಇಲಾಖೆಯ ಖಾತೆಯಲ್ಲೂ ಬರುವುದಿಲ್ಲ. ಒಂದು ಕೋಣೆಯಲ್ಲಿ ಉಳಿತಾಯ, ಇಡೀ ಮನೆಗೆ ನಷ್ಟ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎಂಬ ಮಾತು ಆ ಟೈ ಕಟ್ಟಿದವರಿಗೆ ಯಾರಾದರೂ ಹೇಳಬೇಕು.

ಹೆಚ್ಚು ಭಯಾನಕ ಸಂಗತಿ ಮುಂದಿದೆ. ಕಣ್ಣಿಟ್ಟು ಓದಿ.

2017ರ ಜುಲೈ 6ರಂದು ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿತು. ವಿದ್ಯುನ್ಮಾನ ವ್ಯವಹಾರದಲ್ಲಿ ಖಾತೆಯಿಂದ ದುಡ್ಡು ಕಳುವಾದರೆ ನಷ್ಟ ಯಾರ ತಲೆಗೆ ಎಂಬುದರ ನಿಯಮ ಅದು. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕರದೂ ಅಲ್ಲ, ಮೂರನೆಯವರ ಮೋಸ ಎಂದಾದರೆ, ಬ್ಯಾಂಕಿನ ಸೂಚನೆ ಬಂದ 3 ಕೆಲಸದ ದಿನಗಳೊಳಗೆ ದೂರು ಕೊಟ್ಟವರಿಗೆ ನಷ್ಟವಿಲ್ಲ. 4ರಿಂದ 7 ದಿನವಾದರೆ ನಷ್ಟದಲ್ಲಿ ಪಾಲು. ಆಮೇಲಾದರೆ ಬ್ಯಾಂಕಿನ ಮಂಡಳಿ ಹೇಳಿದಂತೆ. ಗುಟ್ಟಿನ ಸಂಖ್ಯೆ ಬೇರೆಯವರಿಗೆ ಹೇಳಿ ಕೆಟ್ಟರೆ ಅದು ಗ್ರಾಹಕರ ಅಲಕ್ಷ್ಯ. ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ಅವರದೇ.

ನಿಯಮದಲ್ಲಿ ತಪ್ಪಿಲ್ಲ. ಗ್ರಾಹಕರನ್ನು ಕಾಯಲೆಂದೇ ಮಾಡಿದ್ದು. ಆದರೆ ಲಕ್ಷ್ಮಮ್ಮನನ್ನು ನೆನಪಿಸಿಕೊಳ್ಳಿ. ಯಾವ ಊರಲ್ಲೂ ಒಬ್ಬ ಲಕ್ಷ್ಮಮ್ಮ ಇರುತ್ತಾಳೆ. ಕನ್ನಡ ಓದಬಲ್ಲಳು, ಇಂಗ್ಲಿಷ್ ಬಾರದು. ಅವಳ ಫೋನಿಗೆ ಆರಂಕಿಯ ಗುಟ್ಟಿನ ಸಂಖ್ಯೆ ಬರುತ್ತದೆ. ಅದರ ಪಕ್ಕದಲ್ಲೇ "ಇದನ್ನು ಯಾರಿಗೂ ಹೇಳಬೇಡಿ" ಎಂಬ ಎಚ್ಚರಿಕೆ ಇರುತ್ತದೆ, ಇಂಗ್ಲಿಷಿನಲ್ಲಿ! ಅತ್ತ ಕಡೆಯಿಂದ ಕಳ್ಳ ಫೋನು ಮಾಡಿ ಅಚ್ಚಗನ್ನಡದಲ್ಲಿ, ತಾಯಿ, ಅಮ್ಮ ಎಂದು ಮಾತಾಡಿ ಆ ಸಂಖ್ಯೆ ಕೇಳುತ್ತಾನೆ. ಕಳ್ಳನಿಗೆ ಕನ್ನಡ ಬರುತ್ತದೆ, ಬ್ಯಾಂಕಿಗೆ ಬರುವುದಿಲ್ಲ. ಕಳ್ಳನ ಕಾರ್ಯತಂತ್ರಕ್ಕೂ ಅವನ ಭಾಷೆಗೂ ಎಂಥ ಹೊಂದಾಣಿಕೆ ನೋಡಿ! ಲಕ್ಷ್ಮಮ್ಮ ಸಂಖ್ಯೆ ಹೇಳುತ್ತಾಳೆ. ದುಡ್ಡು ಹೋಯಿತು ಎಂಬ ಸಂದೇಶ ಮತ್ತೆ ಇಂಗ್ಲಿಷಿನಲ್ಲಿ ಬರುತ್ತದೆ. ಭಾನುವಾರ ಮಗ ಊರಿಗೆ ಬಂದು ಓದಿ ಹೇಳುವಾಗ ವಾರವಾಗಿದೆ. ಬ್ಯಾಂಕು ಹೇಳುತ್ತದೆ: ಎಚ್ಚರಿಕೆ ಕೊಟ್ಟಿದ್ದೆವು, ಸೂಚನೆ ಕಳಿಸಿದ್ದೆವು, ಅಲಕ್ಷ್ಯ ನಿಮ್ಮದು.

ಅಲಕ್ಷ್ಯ ಯಾರದು? ಓದಲಾಗದವರಿಗೆ ಬರೆದು ಎಚ್ಚರಿಸಿದವನದೋ, ಓದಲಾಗದೆ ಕೂತವಳದೋ? ಇದು ಯಾವ ಸೀಮೆಯ ನ್ಯಾಯ? ಗೆಳೆಯರೇ, ಇದು ಭಾಷಾಭಿಮಾನದ ಪ್ರಶ್ನೆ ಮಾತ್ರವಲ್ಲ. ಲಕ್ಷ್ಮಮ್ಮನ ಗಂಟಿನ ಪ್ರಶ್ನೆ.

ಕಾಗದಕ್ಕೆ ಕನ್ನಡ, ಕಾಗದವೇ ಮಾಯ

ರಿಸರ್ವ್ ಬ್ಯಾಂಕ್ ಈ ವಿಷಯದಲ್ಲಿ ನಿದ್ದೆ ಮಾಡಿರಲಿಲ್ಲ. ಗ್ರಾಹಕ ಸೇವೆಯ ಬಗೆಗಿನ ಅದರ ಮೂಲ ಸುತ್ತೋಲೆಗಳು, 2015ರದೂ ಸೇರಿ, ಸ್ಪಷ್ಟವಾಗಿ ಹೇಳಿದವು: ಖಾತೆ ತೆರೆಯುವ ಅರ್ಜಿ, ದುಡ್ಡು ಕಟ್ಟುವ ಚೀಟಿ, ಪಾಸ್‌ಬುಕ್ಕು ಮುಂತಾದ ಅಚ್ಚಿನ ಸಾಮಗ್ರಿ ಇಂಗ್ಲಿಷ್, ಹಿಂದಿ, ಆಯಾ ಪ್ರದೇಶದ ಭಾಷೆ ಮೂರರಲ್ಲೂ ಇರಬೇಕು. ಚೆಕ್ಕನ್ನು ಪ್ರಾದೇಶಿಕ ಭಾಷೆಯಲ್ಲೂ ಬರೆಯಬಹುದು. ನಿಮ್ಮಲ್ಲಿ ಎಷ್ಟು ಜನ ಕನ್ನಡದಲ್ಲಿ ಚೆಕ್ಕು ಬರೆದಿದ್ದೀರಿ? ಇರಲಿ.

ಆ ನಿಯಮ ಕಾಗದದ ಕಾಲಕ್ಕೆ ಮಾಡಿದ್ದು. ಕಾಗದಕ್ಕೆ ಕನ್ನಡ ಬರಲಿ ಎಂದು ನಿಯಮ ಬಂತು; ಅಷ್ಟರಲ್ಲಿ ಕಾಗದವೇ ಹೋಯಿತು! ಅರ್ಜಿ ಆ್ಯಪಿನೊಳಗೆ ಹೋಯಿತು, ಚೀಟಿ ಯಂತ್ರದೊಳಗೆ ಹೋಯಿತು, ಪಾಸ್‌ಬುಕ್ಕು ಫೋನಿನೊಳಗೆ ಹೋಯಿತು. ಪಾಸ್‌ಬುಕ್ಕಿನ ರಟ್ಟಿನ ಮೇಲೆ ಇವತ್ತಿಗೂ ಮೂರು ಭಾಷೆ ನೋಡುತ್ತೀರಿ. ಒಳಗೆ ಯಂತ್ರ ಅಚ್ಚು ಹಾಕುವ ಸಾಲು ಇಂಗ್ಲಿಷು. ರಟ್ಟು ನಮ್ಮದು, ಲೆಕ್ಕ ಅವರದು.

ಹೆಸರಿನ ಪಾಡು ಇನ್ನೂ ಹಾಸ್ಯಾಸ್ಪದ. ಪಹಣಿಯಲ್ಲಿ ಲಕ್ಷ್ಮಮ್ಮ ಎಂದು ಕನ್ನಡದಲ್ಲಿದೆ. ಬ್ಯಾಂಕಿನ ಕಂಪ್ಯೂಟರಿನಲ್ಲಿ ಇಂಗ್ಲಿಷಿಗೆ ಹಾಕಿದ್ದಾರೆ. ಒಬ್ಬ ಗುಮಾಸ್ತ ಕೆ, ಎಸ್, ಎಚ್ ಹಾಕಿ ಬರೆದ, ಇನ್ನೊಬ್ಬ ಎಕ್ಸ್ ಹಾಕಿ ಬರೆದ. ಆಧಾರದಲ್ಲಿ ಒಂದು, ಪಾಸ್‌ಬುಕ್ಕಿನಲ್ಲಿ ಇನ್ನೊಂದು. ಯಂತ್ರ ಹೇಳುತ್ತದೆ: ಇಬ್ಬರೂ ಬೇರೆ. ಪರಿಹಾರದ ದುಡ್ಡು ನಿಲ್ಲುತ್ತದೆ. ನಾನೇ ಲಕ್ಷ್ಮಮ್ಮ ಎಂದು ಲಕ್ಷ್ಮಮ್ಮ ಅಫಿಡವಿಟ್ ಮಾಡಿಸಬೇಕು. ಅವಳ ಹೆಸರಿನ ಸರಿಯಾದ ರೂಪ ಇರುವುದೇ ಕನ್ನಡದಲ್ಲಿ. ಕರ್ನಾಟಕದ ಆಧಾರ್ ಕಾರ್ಡಿನ ಮೇಲೆ ಕನ್ನಡದಲ್ಲೂ ಹೆಸರಿದೆ. ಅದನ್ನು ಬ್ಯಾಂಕಿನ ದಾಖಲೆಗೆ ಸೇರಿಸಲು ಒಂದು ಜಾಗ ಬಿಟ್ಟಿದ್ದರೆ ಸಾಕಿತ್ತು. ಬಿಡಲಿಲ್ಲ. ಯಾಕೆಂದರೆ ತಂತ್ರಾಂಶ ಕೊಳ್ಳುವಾಗ ಯಾರೂ ಲಕ್ಷ್ಮಮ್ಮನನ್ನು ನೆನೆಯಲಿಲ್ಲ.

ಆಗದು ಎನ್ನುವವರ ಬಾಯಿಗೆ ಬೀಗ

"ಕಂಪ್ಯೂಟರಿನಲ್ಲಿ ಕನ್ನಡ ಕಷ್ಟ" ಎಂಬ ಹಳೆ ಹಾಡು ಇನ್ನೂ ಕೇಳುತ್ತದೆ. ಯಾವ ಕಾಲದ ಮಾತು! ಭಾರತದ ಭಾಷೆಗಳಿಗೆ ಇಸ್ಕಿ ಎಂಬ ಸಂಕೇತ ಪದ್ಧತಿ 1991ರಲ್ಲೇ ರಾಷ್ಟ್ರೀಯ ಮಾನಕವಾಯಿತು. ಅದೇ 1991ರಲ್ಲಿ ಹೊರಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ನಮ್ಮ ಬೆರಳ ತುದಿಗೆ ಬಂತು. 1998ರಲ್ಲಿ ಶೇಷಾದ್ರಿವಾಸು ಬರಹ ತಂತ್ರಾಂಶ ಕೊಟ್ಟರು. ಕನ್ನಡ ಗಣಕ ಪರಿಷತ್ತು ನುಡಿ ಕೊಟ್ಟಿತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಅಕ್ಷರ ಬಂತು. ಕಾಲು ಶತಮಾನ ಕಳೆಯಿತು. ಇನ್ನೂ ಕಷ್ಟವೇ?

ಕಷ್ಟ ಎನ್ನುವವರಿಗೆ ಎರಡು ಸಾಕ್ಷಿ ತೋರಿಸಿ.

ಮೊದಲನೆಯದು ಭೂಮಿ. 2000ದ ಆಸುಪಾಸಿನಲ್ಲಿ ನಮ್ಮ ಕಂದಾಯ ಇಲಾಖೆ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಭೂದಾಖಲೆಗಳನ್ನು ಕಂಪ್ಯೂಟರಿಗೆ ಹಾಕಿತು. ತಾಲೂಕು ಕೇಂದ್ರದಲ್ಲಿ ಆಗ 15 ರೂಪಾಯಿ ಕೊಟ್ಟರೆ ಪಹಣಿ ಸಿಗುತ್ತಿತ್ತು, ಅದೂ ಕನ್ನಡದಲ್ಲಿ. ಗುರಿ ಮೊದಲು ನಿಶ್ಚಯವಾಗಿತ್ತು: ಪಹಣಿಗಾಗಿ ರೈತ ಗ್ರಾಮಲೆಕ್ಕಿಗರ ಮುಂದೆ ಕೈಚಾಚಿ ನಿಲ್ಲಬಾರದು. ಆ ಗುರಿಯಿಂದ ಯಂತ್ರ ಹುಟ್ಟಿತು. ರೈತ ಓದಬೇಕು, ಆದ್ದರಿಂದ ಕನ್ನಡ. ರೈತನಿಗೆ ಕಾಣಬೇಕು, ಆದ್ದರಿಂದ ಅವನ ಕಡೆಗೆ ತಿರುಗಿಸಿದ ಇನ್ನೊಂದು ತೆರೆ. ದಾಖಲೆ ಯಾರು ತಿದ್ದಿದರು ಎಂದು ತಿಳಿಯಬೇಕು, ಆದ್ದರಿಂದ ಅಧಿಕಾರಿಯ ಬೆರಳಚ್ಚು. ಲಂಚ ಕೊಟ್ಟವನ ಖಾತೆ ಬದಲಾವಣೆ ಮುಂದಕ್ಕೆ ಹಾರಬಾರದು, ಆದ್ದರಿಂದ ಮೊದಲು ಬಂದ ಅರ್ಜಿಗೆ ಮೊದಲ ಸರದಿ. ಕೈಬರಹದ ಪಹಣಿಗೆ ಮಾನ್ಯತೆಯೇ ಇಲ್ಲ ಎಂದು ಸರ್ಕಾರ ಹೇಳಿತು. ಭೂಮಿಯಲ್ಲಿ ಲೋಪವೇ ಇರಲಿಲ್ಲ ಎನ್ನುವುದಿಲ್ಲ. ಹಳೆಯ ತಪ್ಪು ತಿದ್ದಿಸಲು ಚಪ್ಪಲಿ ಸವೆಸಿದವರು ಬೇಕಾದಷ್ಟಿದ್ದಾರೆ. ಆದರೆ ಎತ್ತೂ ಕೋಣವೂ ಒಂದೇ ದಿಕ್ಕಿಗೆ ಎಳೆದವು. ಇದು ಸರ್ಕಾರಿ ಇಲಾಖೆ ಮಾಡಿದ ಕೆಲಸ ಸ್ವಾಮಿ!

ಎರಡನೆಯ ಸಾಕ್ಷಿಗೆ ಕೆ.ಆರ್. ಮಾರ್ಕೆಟ್ಟಿಗೆ ಹೋಗಿ. ಹೂವಿನ ಬುಟ್ಟಿಯ ಪಕ್ಕ ಒಂದು ಪುಟ್ಟ ಪೆಟ್ಟಿಗೆ ಇರುತ್ತದೆ. ನೀವು ಫೋನಿನಿಂದ ದುಡ್ಡು ಹಾಕಿದ ಕೂಡಲೇ ಅದು ಇಷ್ಟು ರೂಪಾಯಿ ಬಂತು ಎಂದು ಕನ್ನಡದಲ್ಲಿ ಕೂಗುತ್ತದೆ. ಆ ಪೆಟ್ಟಿಗೆ ಕೊಟ್ಟ ಕಂಪನಿಗೆ ಕನ್ನಡಮ್ಮನ ಮೇಲೆ ಭಕ್ತಿ ಉಕ್ಕಿ ಬಂದಿತೇ? ಇಲ್ಲ. ಹೂವಿನವಳ ವ್ಯಾಪಾರ ಬೇಕಿತ್ತು. ಗಿರಾಕಿಗಳ ಗಲಾಟೆಯ ನಡುವೆ ಅವಳು ಫೋನು ತೆಗೆದು ಓದುತ್ತಾ ಕೂರಲಾರಳು, ದುಡ್ಡು ಬಂತೆಂದು ಕಿವಿಗೆ ಬೀಳದೆ ನಂಬಲಾರಳು. ಲಾಭದ ಲೆಕ್ಕವೇ ಆ ಪೆಟ್ಟಿಗೆಗೆ ಕನ್ನಡ ಕಲಿಸಿತು. ವ್ಯಾಪಾರದ ಗುರಿ ನಿಜವಾಗಿದ್ದರೆ ಯಂತ್ರ ತಾನಾಗಿ ಕನ್ನಡ ಕಲಿಯುತ್ತದೆ. ಯಂತ್ರ ಕನ್ನಡ ಕಲಿತಿಲ್ಲವೆಂದರೆ ಅರ್ಥ ಒಂದೇ: ವಾರ್ಷಿಕ ವರದಿಯಲ್ಲಿ ಅಚ್ಚಾದ ಆ ಗುರಿ ಬರೀ ಬಾಯಿಮಾತು.

"ಇಡೀ ದೇಶಕ್ಕೆ ಒಂದೇ ತಂತ್ರಾಂಶ, ರಾಜ್ಯಕ್ಕೊಂದು ಮಾಡಲಾಗುವುದಿಲ್ಲ" ಎನ್ನುವವರಿದ್ದಾರೆ. ಯಾರು ರಾಜ್ಯಕ್ಕೊಂದು ತಂತ್ರಾಂಶ ಕೇಳಿದರು? ಲೆಕ್ಕ ಒಂದೇ ಇರಲಿ, ಮುಖ ಬೇರೆ ಇರಲಿ. ಬ್ಯಾಂಕುಗಳು ಬಳಸುವ ಫಿನಾಕಲ್ ತಂತ್ರಾಂಶ ಇದೇ ಬೆಂಗಳೂರಿನ ಇನ್ಫೋಸಿಸ್ ಕೂಸು. ದೇಶವಿದೇಶದ ಬ್ಯಾಂಕುಗಳಿಗೆ ಅದು ಹೋಗಿದೆ. ಒಂದೇ ತಂತ್ರಾಂಶಕ್ಕೆ ಹಲವು ಭಾಷೆಯ ಮುಖ ತೊಡಿಸುವ ವಿದ್ಯೆ ಜಗತ್ತಿಗೆ ಹಳೆಯದು. ಕೊಳ್ಳುವವನು ಕೇಳಬೇಕು, ಅಷ್ಟೇ. ಅರಬ್ಬರ ಬ್ಯಾಂಕು ಅರಬ್ಬಿ ಕೇಳುತ್ತದೆ, ಸಿಗುತ್ತದೆ. ನಮ್ಮ ಬ್ಯಾಂಕು ಕನ್ನಡ ಕೇಳುವುದಿಲ್ಲ, ಸಿಗುವುದಿಲ್ಲ. ದೀಪದ ಬುಡದಲ್ಲಿ ಕತ್ತಲು.

ಇನ್ನು, 2025ರ ಮೇ 1ರಂದು ಎರಡು ಗ್ರಾಮೀಣ ಬ್ಯಾಂಕುಗಳನ್ನು ಸೇರಿಸಿ ಬಳ್ಳಾರಿಯಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಎಂದು ಒಂದೇ ಮಾಡಿದರು. ಕರ್ನಾಟಕದ ಹಳ್ಳಿಗಾಗಿಯೇ ಇರುವ ಬ್ಯಾಂಕಿಗೆ ಇಡೀ ದೇಶದ ನೆಪವೂ ಇಲ್ಲ. ಅಲ್ಲಿಂದಲೇ ಶುರುವಾಗಲಿ.

ನಮ್ಮ ಕಡೆಯ ತಪ್ಪು

ಈಗ ಮೊದಲ ಪ್ರಶ್ನೆಗೆ ಬರೋಣ. ಯಾವ ಗುಂಡಿ ಒತ್ತಿದಿರಿ?

ಕೆಂಪು-ಹಳದಿ ಶಾಲು ಹಾಕಿಕೊಂಡು ಮೆರವಣಿಗೆಗೆ ಬಂದಿರಿ. ಮುಗಿಸಿ ಹೋಗುವಾಗ ಎಟಿಎಂಗೆ ಹೋಗಿ ಇಂಗ್ಲಿಷ್ ಒತ್ತಿದಿರಿ. ಫೋನು ಇಂಗ್ಲಿಷು, ಆ್ಯಪು ಇಂಗ್ಲಿಷು. ನಿಮಗೆ ಗೊತ್ತಿರಲಿ, ಯಂತ್ರ ಎಣಿಸಬಲ್ಲದು. ಯಾವ ಭಾಷೆಯನ್ನು ಎಷ್ಟು ಮಂದಿ ಒತ್ತಿದರೆಂದು ಲೆಕ್ಕ ಇಡುವುದು ಅದಕ್ಕೆ ಚಿಟಿಕೆ ಹೊಡೆದಷ್ಟು ಸುಲಭ. ಆ ಲೆಕ್ಕ ಮೇಜಿನ ಮೇಲೆ ಬಿದ್ದಾಗ ದೊಡ್ಡ ಮನುಷ್ಯರು ಹೇಳುತ್ತಾರೆ: ಕನ್ನಡಕ್ಕೆ ಬೇಡಿಕೆಯೇ ಇಲ್ಲ. ಅವರ ಬಾಯಿಗೆ ಆ ಮಾತು ಕೊಟ್ಟವರು ನಾವೇ. ಬೀದಿಯಲ್ಲಿ ನಾವು ಹಾಕಿದ ಘೋಷಣೆ ಆ ಯಂತ್ರಕ್ಕೆ ಕೇಳಿಸಲಿಲ್ಲ. ನಮ್ಮ ಬೆರಳು ಕೇಳಿಸಿತು.

"ಆ ಕನ್ನಡ ಅರ್ಥವಾಗುವುದಿಲ್ಲ ಸಾರ್, ಕಬ್ಬಿಣದ ಕಡಲೆ" ಎನ್ನುತ್ತೀರಿ. ಒಪ್ಪಿದೆ. ಬ್ಯಾಂಕಿನ ಕನ್ನಡ ಎಷ್ಟೋ ಸಲ ಕನ್ನಡವೇ ಅಲ್ಲ. ಯಾವನೋ ದೂರದಲ್ಲಿ ಕೂತು ನಿಘಂಟಿನಿಂದ ಹೆಕ್ಕಿದ ಪದಗಳು. ಆದರೆ ಬಳಸದೇ ಇದ್ದರೆ ತಿದ್ದುವವರು ಯಾರು? ಬಳಸಿ, ತಪ್ಪು ಹಿಡಿಯಿರಿ, ಬರೆದು ಕಳಿಸಿ.

ಸಾಫ್ಟ್‌ವೇರ್ ಕಂಪನಿಗಳಲ್ಲಿ ಕೂತಿರುವ ಕನ್ನಡದ ತಮ್ಮಂದಿರೇ, ತಂಗಿಯರೇ, ನಿಮಗೆ ಒಂದು ಮಾತು ಜಾಸ್ತಿ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಾಗಿನಿಂದ ಈ ಊರು ಜಗತ್ತಿಗೆಲ್ಲ ತಂತ್ರಾಂಶ ಬರೆದುಕೊಟ್ಟಿದೆ. ಊರಿಗೆ ಉಪಕಾರಿ, ಮನೆಗೆ ಮಾರಿ ಆಗಬೇಡಿ. ಹೊಸ ಯೋಜನೆಯ ಸಭೆಯಲ್ಲಿ ಎದ್ದು ನಿಂತು ಒಂದೇ ಪ್ರಶ್ನೆ ಕೇಳಿ: ಇದನ್ನು ಬಳಸುವವರು ಯಾರು, ಅವರು ಓದುವ ಭಾಷೆ ಯಾವುದು? ಆ ಪ್ರಶ್ನೆ ಕೇಳಲು ಬಾವುಟ ಬೇಡ, ಶಾಲು ಬೇಡ. ಬೆನ್ನುಮೂಳೆ ಸಾಕು. ಅದು ಕನ್ನಡಾಭಿಮಾನವೂ ಹೌದು, ನಿಮ್ಮ ಪುಸ್ತಕದಲ್ಲೇ ಬರೆದ ಒಳ್ಳೆಯ ಮ್ಯಾನೇಜ್‌ಮೆಂಟೂ ಹೌದು.

ಇನ್ನೊಂದು ಮಾತು. ನಮ್ಮ ಜಗಳ ಹೊರಗಿನಿಂದ ಬಂದ ಯಾವ ಗುಮಾಸ್ತನ ಮೇಲೂ ಅಲ್ಲ. ಅವನೂ ಹೊಟ್ಟೆಪಾಡಿಗೆ ಬಂದವನು. ಅವನಿಗೆ ಕನ್ನಡ ಕಲಿಸದೆ ಕೌಂಟರಿಗೆ ತಳ್ಳಿದವರ ಮೇಲೆ ನಮ್ಮ ಸಿಟ್ಟು. 2021ರ ಸೆಪ್ಟೆಂಬರಿನಲ್ಲಿ ಹಣಕಾಸು ಸಚಿವಾಲಯ ಸರ್ಕಾರಿ ಬ್ಯಾಂಕುಗಳ ಗುಮಾಸ್ತರ ನೇಮಕ ಪರೀಕ್ಷೆ ಇಂಗ್ಲಿಷ್, ಹಿಂದಿಯ ಜೊತೆ 13 ಪ್ರಾದೇಶಿಕ ಭಾಷೆಗಳಲ್ಲೂ ನಡೆಯಲಿ ಎಂದು ಹೇಳಿತು. ಜನ ಗುದ್ದಾಡಿ ಪಡೆದದ್ದು ಅದು. ಗುಮಾಸ್ತನ ಪರೀಕ್ಷೆಗೆ ಕನ್ನಡ ಬಂತು. ಯಂತ್ರದ ಪರೀಕ್ಷೆ ಮಾಡುವವರು ಯಾರು?

ನಾವೇ ಮಾಡೋಣ. ಇವು ನಮ್ಮ ಬೇಡಿಕೆಗಳು. ಕತ್ತರಿಸಿಟ್ಟುಕೊಳ್ಳಿ.

1. ಖಾತೆ ತೆರೆಯುವಾಗಲೇ ಗ್ರಾಹಕರ ಭಾಷೆ ಕೇಳಿ ಬರೆದುಕೊಳ್ಳಬೇಕು. ಆಮೇಲೆ ಸಂದೇಶ, ಚೀಟಿ, ಆ್ಯಪು, ಫೋನಿನ ದನಿ ಎಲ್ಲ ಅದೇ ಭಾಷೆಯಲ್ಲಿ ಬರಬೇಕು. ಪ್ರತಿ ಸಲ ಗುಂಡಿ ಹುಡುಕಿಸಬಾರದು.

2. ಗುಟ್ಟಿನ ಸಂಖ್ಯೆಯ ಎಚ್ಚರಿಕೆ ಮತ್ತು ದುಡ್ಡು ಹೋದ ಸೂಚನೆ ಕನ್ನಡದಲ್ಲಿ ಬರಬೇಕು. ಗ್ರಾಹಕರಿಗೆ ಬಾರದ ಭಾಷೆಯಲ್ಲಿ ಕೊಟ್ಟ ಸೂಚನೆ ಸೂಚನೆಯೇ ಅಲ್ಲ ಎಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಬೇಕು. ದೂರಿನ ಗಡುವು ಅಲ್ಲಿಂದ ಎಣಿಕೆಯಾಗಬೇಕು.

3. ಗ್ರಾಹಕರ ಹೆಸರು ಕನ್ನಡ ಲಿಪಿಯಲ್ಲೂ ಬ್ಯಾಂಕಿನ ದಾಖಲೆಯಲ್ಲಿರಬೇಕು. ಪಹಣಿಯ ಹೆಸರಿನೊಂದಿಗೆ ಕನ್ನಡದಲ್ಲೇ ಹೋಲಿಸಬೇಕು.

4. ಕಾಗದಕ್ಕಿದ್ದ ಮೂರು ಭಾಷೆಯ ನಿಯಮ ತೆರೆಗೂ ಆ್ಯಪಿಗೂ ಸ್ಪಷ್ಟ ಮಾತಿನಲ್ಲಿ ಅನ್ವಯವಾಗಬೇಕು.

5. ತಂತ್ರಾಂಶ ಕೊಳ್ಳುವ ಟೆಂಡರಿನಲ್ಲೇ ಕನ್ನಡ ಕಡ್ಡಾಯ ಷರತ್ತಾಗಿರಬೇಕು. ಕೊಂಡ ಮೇಲೆ ಹೊಲಿಯುವ ತೇಪೆ ಬೇಡ.

ಈ ತಿಂಗಳು ಒಂದು ಕೆಲಸ ಮಾಡಿ. ನಿಮ್ಮ ಶಾಖೆಗೆ ಹೋಗಿ, ಗಲಾಟೆ ಬೇಡ, ಕನ್ನಡದಲ್ಲಿ ಒಂದು ಅರ್ಜಿ ಬರೆದು ಕೊಡಿ: ನನ್ನ ಖಾತೆಯ ಸಂದೇಶ ಕನ್ನಡದಲ್ಲಿ ಬೇಕು. ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಹೊರಗೆ ಬಂದು ಎಟಿಎಂನಲ್ಲಿ ಕನ್ನಡ ಒತ್ತಿ. ಮನೆಗೆ ಹೋಗಿ ಅಮ್ಮನ ಫೋನು ತೆಗೆದು ಅವಳಿಗೆ ಬಂದಿರುವ ಬ್ಯಾಂಕಿನ ಸಂದೇಶಗಳನ್ನು ಅವಳಿಗೆ ಓದಿ ಹೇಳಿ. ಎಷ್ಟು ಅರ್ಥವಾಗಿತ್ತು ಎಂದು ಕೇಳಿ.

ಅವಳ ಮುಖ ನೋಡಿ. ಈ ಲೇಖನದಲ್ಲಿ ನಾನು ಹೇಳಲಾರದ್ದು ಅಲ್ಲಿರುತ್ತದೆ.

ಬೋರ್ಡು ಗೆದ್ದೆವು, ಒಳ್ಳೆಯದು. ಬೋರ್ಡು ಬೀದಿಗೆ ಕಾಣುವ ಮುಖ. ಲೆಕ್ಕ ಬರೆಯುವ ಕೈ ಒಳಗಿದೆ. ಮುಂದಿನ ಹೋರಾಟ ಆ ಕೈಗೆ ಕನ್ನಡ ಕಲಿಸುವುದು.

ಎದ್ದೇಳಿ. ಜೈ ಕರ್ನಾಟಕ!